ಬೇರಿಗೆಂದು ತಂದ ಇಂಗು

ಹಳ್ಳದ ದಂಡೆಯ ಸಣ್ಣ ಮಠದಲ್ಲಿ ಪೂಜ್ಯ ಮಾತೋಶ್ರೀ ಪರ್ವತಮ್ಮನವರು ದಾಸೋಹದ ಅಡುಗೆಯನ್ನು ಕೊನೆಯವರೆಗೂ ಸ್ವತಃ ಮಾಡುತ್ತಿದ್ದರು. ದರ್ಶನಕ್ಕೆ ಬಂದವರು ಒಲೆಯ ಮುಂದೆಯೇ ಕೂರಬೇಕು. ಮಾತೋಶ್ರೀಯವರಿಗೆ ಬೇರೆ ಪೀಠವಿರಲಿಲ್ಲ. ಬೇಕೆಂದು ಅವರು ಎಂದೂ ಬಯಸಲಿಲ್ಲ.

ಒಂದು ಬೆಳಿಗ್ಗೆ ಬಡಿಗೇರ ಮೌನಪ್ಪ ಬಂದು ಹೊಸ್ತಿಲಲ್ಲೇ ಅಡ್ಡಬಿದ್ದ.

“ಒಂದು ಕೆಲಸಾ ಹಿಡದೀನ್ರಿ ಅವ್ವಾರ. ಕೈಗೂಡ್ಲಿ ಅಂತ ಆಶೀರ್ವಾದ ಮಾಡ್ರಿ.”

“ಯಾವ ಕೆಲಸಪಾ?”

ಮೌನಪ್ಪ ಕಿಸೆಯ ಮೇಲೆ ಕೈ ಮುಚ್ಚಿಕೊಂಡ. ಆದರೆ ಜೀವಮಾನವೆಲ್ಲ ಸಾರು ಕುದಿಸಿದ ಮಾತೋಶ್ರೀಯವರ ಮೂಗನ್ನು ವಂಚಿಸುವುದು ಸಾಧ್ಯವಿರಲಿಲ್ಲ.

“ಕಿಸೇದಾಗ ಇಂಗು ಇಟಗೊಂಡು ಬಂದೀಯಲ್ಲೋ!” ಎಂದು ನಕ್ಕರು.

ಬೇರು ಕೊರೆದು ಇಂಗು ತುಂಬಿದರೆ ಎಂಥ ಮರವೂ ಒಣಗುತ್ತದೆಂಬುದು ಆ ಕಡೆಯ ನಂಬಿಕೆ. ಅದು ಕದ್ದು ಮಾಡುವ ಕೆಲಸ. ಮೌನಪ್ಪನ ಮುಖ ಕಪ್ಪಿಟ್ಟಿತು; ಎಲ್ಲವನ್ನೂ ಹೇಳಿದ. ನೆರೆಮನೆಯ ತಿರಕವ್ವನ ಹುಣಸೆಮರದ ಟೊಂಗೆ ಅವನ ಮನೆಯ ಮೇಲೆ ಚಾಚಿತ್ತು. ಹಿಂದಿನ ದಿನ ಅದು ಗಾಳಿಗೆ ಬಡಿದು ಹೆಂಚು ಒಡೆದು, ಚೂರು ಬಾಣಂತಿ ಮಗಳ ಕೂಸಿನ ತೊಟ್ಟಿಲ ಪಕ್ಕದಲ್ಲೇ ಬಿದ್ದಿತ್ತು.

“ಕೂಸು ಉಳೀತ್ರಿ. ಇಲ್ಲಂದ್ರ?”

ಮಾತೋಶ್ರೀಯವರ ನಗು ನಿಂತಿತು. “ತಿರಕವ್ವಗ ಹೇಳೀಯೇನು?”

“ಬೇಲಿ ಜಗಳದಾಗ ನನ್ನ ಗರಗಸದ ಬಾಯಿಯಂವ ಅಂದಾಳ್ರಿ. ಅವತ್ತಿಂದ ಮಾತು ಬಿಟ್ಟೀನಿ.”

“ಸುಳ್ಳೇನ ಅಂದಿಲ್ಲಲ್ಲ.”

ಆ ಮರದ ಹಣ್ಣನ್ನು ಮಠಕ್ಕೂ ಊರಿಗೂ ಮಾರಿಯೇ ತಿರಕವ್ವ ಹೊಟ್ಟೆ ಹೊರೆಯುತ್ತಿದ್ದಳು. ಮೌನಪ್ಪನಿಗೆ ಅದು ಗೊತ್ತಿದ್ದುದರಿಂದ ಮಾತೋಶ್ರೀಯವರು ಆ ಮಾತು ಎತ್ತಲಿಲ್ಲ. ಕೈ ಮುಂದೆ ನೀಡಿದರು.

“ತಪ್ಪು ಟೊಂಗೀದು. ಬೇರಿಗೆ ಯಾಕ ಶಿಕ್ಷಾ? ಕೊಡು ಇಲ್ಲೆ.”

ಆ ಇಂಗು ಒಗ್ಗರಣೆಗೆ ಬಿತ್ತು. ಮೌನಪ್ಪನನ್ನು ಕೂರಿಸಿ, ಅನ್ನದ ಮೇಲೆ ಸಾರು ಬಡಿಸಿದರು.

“ಹ್ಯಾಂಗೈತಿ?”

“ಭಾಳ ಛಲೋ ಐತ್ರಿ.”

“ಹುಳಿ ಆಕೀದು, ಇಂಗು ನಿಂದು. ಕೂಡಿದ್ದಕ್ಕ ರುಚಿ ಆತು.”

ಮೌನಪ್ಪನ ಕಣ್ಣೀರು ಎಲೆಯ ಮೇಲೆ ಬಿತ್ತು. ಅವನು ಅನ್ನ ಬಿಟ್ಟೇಳಲಿಲ್ಲ. ಮಠದಲ್ಲಿ ಹಾಗೆ ಮಾಡುವಂತಿರಲಿಲ್ಲ.

ಅಂದೇ ಬೇಲಿಯ ಬಳಿ ನಿಂತು “ಅಕ್ಕಾ” ಎಂದು ಕರೆದ. ಬೇರೆ ಯಾರನ್ನೋ ಕರೆದನೆಂದು ತಿರಕವ್ವ ಹಿಂದೆ ತಿರುಗಿ ನೋಡಿದಳು. ತೊಟ್ಟಿಲ ಸುದ್ದಿ ಕೇಳಿದೊಡನೆ ಸಿಡಿದಳು:

“ಮೂಳಾ, ಇದನ್ನ ಹೇಳಾಕ ಇಷ್ಟೊತ್ತು ಬೇಕಾತೇನು? ಏಣಿ ತಾ!”

ಮೌನಪ್ಪ ಮೇಲೆ ಹತ್ತಿ ಟೊಂಗೆ ಕೊಯ್ದ. ಅದು ಬೀಳುವವರೆಗೂ ಏಣಿಯನ್ನು ಎರಡೂ ಕೈಯಿಂದ ಬಿಗಿಹಿಡಿದು ನಿಂತಿದ್ದವಳು ತಿರಕವ್ವ.