ತಳ್ಳಿಹಾಕಲಾಗದು

"ಗುರುಗಳೇ, ಇಷ್ಟು ಅಳೆದು ತೂಗಿ ಮಾತಾಡಿದರೂ ಜನ ನನ್ನನ್ನು ಯಾಕೆ ಬೈಯುತ್ತಾರೆ?"

ಹೀಗೆ ಕೇಳಿದವನು ನಂಜುಂಡಾರಾಧ್ಯ. ವಿಶ್ವವಿದ್ಯಾಲಯದಲ್ಲಿ ಹಣಕಾಸು ಶಾಸ್ತ್ರದ ಅಧ್ಯಾಪಕ. ಜನ ದುಡ್ಡಿಡುವ ಸಹಕಾರ ಸಂಘಗಳು ಹೇಗೆ ಬೀಳುತ್ತವೆ ಎಂಬುದು ಅವನ ಸಂಶೋಧನೆಯ ವಿಷಯ. ಚಿಕ್ಕಂದಿನಲ್ಲಿ ಮಠದ ಅನ್ನ ಉಂಡು ಓದಿದವನು. ಈಗಲೂ ತಲೆ ಕೆಟ್ಟಾಗ ಮಠಕ್ಕೇ ಬರುತ್ತಾನೆ. ಆ ದಿನ ರಜೆ ಹಾಕಿ ಬಂದಿದ್ದ. ಚಪ್ಪಲಿ ಬಿಡುವ ಮೊದಲೇ ಶುರು ಹಚ್ಚಿಕೊಂಡ.

ಗುರುಗಳು ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. "ಯಾರು ಬೈದರು?" ಎಂದರು.

"ಯಾರು ಬೈದಿಲ್ಲ ಅಂತ ಕೇಳಿ! ಸಂಶೋಧನಾ ಪತ್ರಿಕೆಯವರು ಲೇಖನ ಮತ್ತೆ ವಾಪಸ್ಸು ಕಳಿಸಿದ್ದಾರೆ, ಇನ್ನೂ ಸ್ವಲ್ಪ ಮೆದುವಾಗಿ ಹೇಳಿ ಅಂತ. ಮೆದುವಾಗಿ ಬರೆದರೆ ನಮ್ಮ ಡೀನು, ಏನ್ರೀ ಇದು, ಹಲ್ಲಿಲ್ಲದವರಿಗೆ ಮಾಡಿದ ಅಡುಗೆ ಥರ ಇದೆ ಅಂತಾರೆ. ಮನೆಯಲ್ಲಿ ಹೆಂಡತಿ, ಕಾಫಿ ಹೇಗಿದೆ ಅಂದಳು. ನಿನ್ನೆಯದಕ್ಕೆ ಹೋಲಿಸಿದರೆ ಗಮನಾರ್ಹ ವ್ಯತ್ಯಾಸ ಕಂಡುಬರುವುದಿಲ್ಲ ಅಂದೆ. ಲೋಟ ಕಿತ್ತುಕೊಂಡು ಹೋದಳು. ಸಾಕಾಗಿ ಹೋಗಿದೆ ಗುರುಗಳೇ!"

ಗುರುಗಳು ಇನ್ನೊಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು.

"ಮರ್ಯಾದೆ ಕೊಟ್ಟವಳು ಒಬ್ಬಳೇ ನೋಡಿ. ನಿಮ್ಮ ಮಠದ ಬಾಗಿಲಲ್ಲಿ ಹೂ ಮಾರುತ್ತಾಳಲ್ಲ, ಪುಟ್ಟಸಿದ್ದಮ್ಮ. ಅಂಗಡಿಗೆ ತಗಡಿನ ಮಾಡು ಹಾಕಿಸೋಕೆ ಕೂಡಿಟ್ಟದ್ದನ್ನೆಲ್ಲ ಮಾರ್ಕೆಟ್ಟಿನ ಸಂಘದಲ್ಲಿ ಇಟ್ಟಿದ್ದಾಳಂತೆ. ಇನ್ನೂ ಹಾಕಲಾ, ತೆಗೀಲಾ ಸ್ವಾಮಿ ಅಂತ ಈಗಷ್ಟೇ ಕೇಳಿದಳು. ಶಾಸ್ತ್ರೀಯವಾಗಿ ಉತ್ತರ ಕೊಟ್ಟೆ. ಕೈಮುಗಿದು ನಗುತ್ತಾ ಹೋದಳು."

"ಆ ಸಂಘ ಹೇಗಿದೆ?"

"ಅದಾ? ಈ ದೀಪಾವಳಿ ಕಾಣಲ್ಲ ಬಿಡಿ. ಒಳಗೆಲ್ಲಾ ಗೆದ್ದಲು."

ಗುರುಗಳು ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಾಗೇ ಕೆಳಗಿಟ್ಟರು. "ಕೂತುಕೋ," ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಂಡಿತನಿದ್ದ. ಅವನದೂ ಹಣದ ಶಾಸ್ತ್ರವೇ. ಯಾವ ಸಂಘ ನಿಲ್ಲುತ್ತದೆ, ಯಾವುದು ಮಗುಚಿಕೊಳ್ಳುತ್ತದೆ ಎಂದು ವಾರ್ಷಿಕ ವರದಿಯನ್ನು ಮೂಸಿ ನೋಡಿಯೇ ಹೇಳಬಲ್ಲವನು. ಅವನ ಮೂಗು ಒಂದು ಸಲವೂ ತಪ್ಪಿದ್ದಿಲ್ಲ. ಕೆಟ್ಟದ್ದು ಬಾಯಿ.

ಮೊದಮೊದಲು ಬಾಯೂ ನೆಟ್ಟಗೇ ಇತ್ತು. ಹರೆಯದಲ್ಲಿ ಬರೆದ ಮೊದಲ ಲೇಖನದಲ್ಲಿ ಒಂದು ಸಂಘದ ಬಗ್ಗೆ 'ಇದು ಬೀಳುತ್ತದೆ' ಎಂದು ಬರೆದಿದ್ದ. ಆದರೆ ಪಂಡಿತರ ಲೋಕದಲ್ಲಿ ಒಂದು ಪದ್ಧತಿ ಉಂಟು. ಲೇಖನ ಅಚ್ಚಾಗುವ ಮೊದಲು ಅದನ್ನು ಒಬ್ಬ ಪರೀಕ್ಷಕ ನೋಡಬೇಕು. ಆ ಪರೀಕ್ಷಕ ಯಾರು, ಎಲ್ಲಿರುತ್ತಾನೆ, ಹೊತ್ತು ಹೊತ್ತಿಗೆ ಉಣ್ಣುತ್ತಾನೋ ಇಲ್ಲವೋ, ಬರೆದವನಿಗೆ ಗೊತ್ತಾಗುವುದಿಲ್ಲ. ದೆವ್ವದ ಹಾಗೆ ಮುಖ ತೋರಿಸದೆ ಮಾತಾಡುತ್ತಾನೆ. ಆ ದೆವ್ವ ಲೇಖನವನ್ನು ವಾಪಸ್ಸು ಎಸೆಯಿತು. 'ಬೀಳುತ್ತದೆ ಅನ್ನಲು ನೀನೇನು ಜ್ಯೋತಿಷಿಯೋ? ಬೀಳಬಹುದು ಅನ್ನು.'

ಪಂಡಿತ ಹಲ್ಲು ಕಡಿದು ಹಾಗೇ ತಿದ್ದಿದ. ಅಚ್ಚಾಯಿತು. ಕೆಲಸವೂ ಸಿಕ್ಕಿತು.

ಮುಂದಿನ ಸಲ ಅವನೇ ಜಾಣನಾಗಿ 'ಬೀಳಬಹುದು' ಎಂದು ಬರೆದು ಕಳಿಸಿದ. 'ಅಬ್ಬಾ, ಇಷ್ಟು ಗಟ್ಟಿಯಾಗಿಯೇ?' ಎಂದಿತು ದೆವ್ವ. 'ಬೀಳುವ ಸಾಧ್ಯತೆ ಇದೆ' ಎಂದು ತಿದ್ದಿದ. ಬಡ್ತಿ ಬಂತು. ಆಮೇಲೆ ದೆವ್ವಕ್ಕೆ ಬರೀ ಸಾಧ್ಯತೆಯೂ ಖಾರವಾಯಿತು. ತಿದ್ದಿ ತಿದ್ದಿ, ರೋಸಿ ರೋಸಿ, ಕೊನೆಗೊಂದು ದಿನ ಪಂಡಿತ ಒಂದು ವಾಕ್ಯ ಕಂಡುಹಿಡಿದ: 'ಸಂಘ ಬೀಳುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.'

ದೆವ್ವ ಬಾಯಿ ಮುಚ್ಚಿಕೊಂಡಿತು. ಕಚ್ಚೋಣವೆಂದರೆ ಅದರಲ್ಲಿ ಹಿಡಿಯಲು ಜಾಗವೇ ಇರಲಿಲ್ಲ. ಆ ಒಂದು ವಾಕ್ಯದ ಬೆನ್ನೇರಿ ಪಂಡಿತ ಪ್ರಾಧ್ಯಾಪಕನಾದ, ವಿಭಾಗದ ಮುಖ್ಯಸ್ಥನಾದ, ವಿಮಾನ ಹತ್ತಿ ದೂರದ ದೇಶಕ್ಕೆ ಹೋಗಿ ಅಲ್ಲೂ ಅದನ್ನೇ ಓದಿ ಬಂದ. ಬರಬರುತ್ತಾ ಮಜ್ಜಿಗೆ ಹುಳಿಯೇ ಎಂದು ಕೇಳಿದರೂ ಅದೇ ವಾಕ್ಯ ಬಾಯಿಗೆ ಬರತೊಡಗಿತು.

ಒಂದೇ ಕೊರಗು ಉಳಿದಿತ್ತು. ಪಂಡಿತರ ಲೋಕದಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ಎತ್ತಿ ಬರೆದರೆ ಅದು ಹೂಮಾಲೆ ಹಾಕಿದ ಹಾಗೆ. ಇವನನ್ನು ಯಾರೂ, ಒಂದು ಸಲವೂ, ಅಪ್ಪಿತಪ್ಪಿಯೂ ಉಲ್ಲೇಖಿಸಿರಲಿಲ್ಲ. ಕೊರಳು ಖಾಲಿ.

ಆ ಕೊರಳಿನ ಅಳತೆ ಬಲ್ಲವನು ಅದೇ ಬೀದಿಯ ಒಬ್ಬ ದರ್ಜಿ. ಆ ಬೀದಿಯ ದರ್ಜಿಗಳು ಗುಂಡಿ ತೂರಿಸುವ ರಂಧ್ರವನ್ನು, ಅದೇ ಕಾಜಾ ಅನ್ನುತ್ತಾರಲ್ಲ, ಅದನ್ನು ಕೈಯಲ್ಲೇ ಹೊಲಿಯುತ್ತಿದ್ದರು. ಕಾಜಾ ಹೊಲಿದು ಹೊಲಿದು ಎಲ್ಲರ ಕಣ್ಣೂ ಮಂಜಾಗಿತ್ತು. ಅವರೆಲ್ಲ ಸೇರಿ ಒಂದು ಕಾಜಾ ಮೆಷಿನ್ನು ಕೊಳ್ಳಬೇಕೆಂದು ಬೀದಿಯ ಸಂಘದಲ್ಲಿ ದುಡ್ಡು ಕೂಡಿಡುತ್ತಿದ್ದರು. ಒಂದು ದಿನ ಪಂಡಿತನ ಕೊರಳಿಗೆ ಟೇಪು ಸುತ್ತುತ್ತಾ ದರ್ಜಿ ಕೇಳಿದ: "ಬುದ್ಧೀ, ನಮ್ ಮೆಷಿನ್ನಿನ ದುಡ್ಡು ಸಂಘದಲ್ಲಿ ಅದೆ. ಬಡ್ಡಿ ಜಾಸ್ತಿ ಮಾಡವ್ರೆ, ಇನ್ನೂ ತಂದು ಹಾಕ್ರಪ್ಪಾ ಅಂತವ್ರೆ. ಹಾಕಣಾ, ತೆಗಿಯಣಾ? ಒಂದೇ ಮಾತು ಹೇಳಿ."

ಆ ಸಂಘವನ್ನು ಪಂಡಿತ ಆಗಲೇ ಮೂಸಿ ನೋಡಿದ್ದ. ಅದು ಗಬ್ಬು ನಾರುತ್ತಿತ್ತು. 'ತೆಗಿ' ಎಂಬ ಮಾತು ಹೊಟ್ಟೆಯಿಂದ ಹೊರಟು, ಗಂಟಲು ದಾಟಿ, ನಾಲಿಗೆಯ ತುದಿಗೆ ಬಂತು. ಅಲ್ಲಿ ದೆವ್ವ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿತ್ತು. 'ನೀನೇನು ಜ್ಯೋತಿಷಿಯೋ?' ಪಂಡಿತ ಮಾತನ್ನು ನುಂಗಿಕೊಂಡ. ಗಂಟಲು ಸರಿಮಾಡಿಕೊಂಡು ಹೇಳಿದ: "ನೋಡಪ್ಪ, ಸಂಘ ಬೀಳುವ ಸಾಧ್ಯತೆಯನ್ನು ತಳ್ಳಿಹಾಕಲಾಗದು."

ದರ್ಜಿಯ ಮುಖ ಅರಳಿತು. "ತಳ್ಳಾಕಕ್ಕೆ ಆಗಕಿಲ್ಲ ಅಂತೀರಿ."

"ಹೌದು. ತಳ್ಳಿಹಾಕಲಾಗದು."

"ಗ್ಯಾರಂಟಿನಾ ಬುದ್ಧೀ?"

"ಗ್ಯಾರಂಟಿ. ಅಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ."

ದರ್ಜಿ ಟೇಪನ್ನು ಪಂಡಿತನ ಕೊರಳಲ್ಲೇ ಬಿಟ್ಟು ಓಡಿದ. ಬೀದಿಯ ದರ್ಜಿಗಳೆಲ್ಲ ಸೇರಿದರು. ಮಧ್ಯದಲ್ಲಿ ಅದೇನೋ ಸಾಧ್ಯತೆ ಅಂದರಲ್ಲ, ಅದೇನು ಎಂದು ಯಾರೋ ಕೇಳಿದರು. "ಅಯ್ಯೋ, ಅದು ಓದಿದೋರ ಮಾತು, ಬುಡು ಅತ್ಲಾಗೆ! ಕೊನೇಲಿ ಏನಂದ್ರು ಕೇಳಿಸ್ಕೊ. ಎಷ್ಟು ಜನ ಸೇರಿ ತಳ್ಳುದ್ರೂ ಈ ಸಂಘ ಬೀಳಕಿಲ್ಲ, ಗ್ಯಾರಂಟಿ ಅಂದ್ರು." ದರ್ಜಿಗಳು ಡಬ್ಬಿಯಲ್ಲಿದ್ದದ್ದನ್ನೂ ಹೆಂಡಂದಿರ ಸೆರಗಿನ ಗಂಟಿನಲ್ಲಿದ್ದದ್ದನ್ನೂ ಬಳಿದು ತಂದು ಸಂಘಕ್ಕೆ ಸುರಿದರು.

ಸಂಘದ ಕಾರ್ಯದರ್ಶಿಗೆ ಈ ಸುದ್ದಿ ಸಿಕ್ಕಿತು. ಬಿಡುತ್ತಾನೆಯೇ? ಬಾಗಿಲ ಮೇಲೆ ಒಂದು ಬೋರ್ಡು ಬರೆಸಿ ಹಾಕಿದ: '...ತಳ್ಳಿಹಾಕಲಾಗದು. ಪಂಡಿತರು.'

ಸಂಜೆ ವಾಕಿಂಗ್ ಹೊರಟ ಪಂಡಿತ ಬೋರ್ಡು ನೋಡಿ ನಿಂತುಬಿಟ್ಟ. ಕಣ್ಣಲ್ಲಿ ನೀರಾಡಿತು. ಬದುಕಿನಲ್ಲಿ ಮೊದಲ ಸಲ ಅವನನ್ನು ಯಾರೋ ಉಲ್ಲೇಖಿಸಿದ್ದರು! ವಾಕ್ಯದ ಮುಂಭಾಗ ಬಿಟ್ಟಿದ್ದರು, ನಿಜ. ಆದರೆ ಬಿಟ್ಟ ಕಡೆ ಶಾಸ್ತ್ರಪ್ರಕಾರ ಮೂರು ಚುಕ್ಕಿ ಇಟ್ಟಿದ್ದರು. ಎರಡು ಹೆಜ್ಜೆ ಮುಂದೆ ಹೋದ. ಆಗ ಸಿಟ್ಟು ಬಂತು. ತಿರುಗಿ ಬಂದವನೇ ಸಂಘದ ಒಳಗೆ ನುಗ್ಗಿದ. ಅವನನ್ನು ನೋಡಿ ಕಾರ್ಯದರ್ಶಿ ಲೆಕ್ಕದ ಪುಸ್ತಕವನ್ನು ಮೇಜಿನ ಕೆಳಗೆ ತಳ್ಳಿದ. ಸಿಕ್ಕಿಬಿದ್ದೆ ಅಂದುಕೊಂಡ.

"ಏನ್ರೀ ಇದು ಅನ್ಯಾಯ!" ಎಂದು ಪಂಡಿತ ಗುಡುಗಿದ. "ಪುಟಸಂಖ್ಯೆ ಎಲ್ಲಿ?"

ಕಾರ್ಯದರ್ಶಿ ಪುಸ್ತಕವನ್ನು ಮತ್ತೆ ಮೇಜಿನ ಮೇಲಿಟ್ಟ. ಪಂಡಿತನಿಗೆ ಕಾಫಿ ತರಿಸಿದ. ಬೋರ್ಡಿನ ಮೇಲೆ ಪತ್ರಿಕೆಯ ಹೆಸರು, ಸಂಪುಟ, ಪುಟ, ಎಲ್ಲವನ್ನೂ ಬರೆಸಿದ. ಅದನ್ನು ನೋಡಿ ಪಕ್ಕದ ಬೀದಿಯವರೂ ಬಂದು ದುಡ್ಡಿಟ್ಟರು.

ಸಂಘ ಬಿತ್ತು. ಕಾರ್ಯದರ್ಶಿ ಎಲ್ಲಿಗೆ ಹೋದನೋ, ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. ದರ್ಜಿಗಳು ಬಂದು ಪಂಡಿತನ ಮನೆಯ ಮುಂದೆ ನಿಂತರು. ಪಂಡಿತನಿಗೆ ತಲೆ ಚಿಟ್ಟು ಹಿಡಿಯಿತು.

"ನಾನು ಹೇಳಿರಲಿಲ್ಲವೇನಯ್ಯಾ!"

"ಹೇಳುದ್ರಿ ಬುದ್ಧೀ. ಅದ್ಕೇ ಇಟ್ಟಿದ್ದು."

ಪಂಡಿತ ಹಣೆ ಚಚ್ಚಿಕೊಂಡು ವ್ಯಾಕರಣ ಬಿಡಿಸಿ ಹೇಳಿದ. ತಳ್ಳಿಹಾಕಲಾಗದ್ದು ಸಂಘವಲ್ಲ, ಸಾಧ್ಯತೆ. ಸಾಧ್ಯತೆಯನ್ನು ತಳ್ಳಿಹಾಕಲಾಗದು ಅಂದರೆ ಸಾಧ್ಯತೆ ಉಂಟು. ಉಂಟು ಅಂದರೆ ಬೀಳಬಹುದು. ಬೀಳಬಹುದು ಅಂದರೆ... ದರ್ಜಿ ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿದ. ಆಮೇಲೆ ಅವನೂ ಹಣೆ ಚಚ್ಚಿಕೊಂಡ. "ಬೀಳ್ತದೆ. ಅಷ್ಟೇ ಅಲ್ವಾ ಬುದ್ಧೀ? ಮೂರಕ್ಷರ! ಅಷ್ಟು ಅನ್ನಕ್ಕೆ ನಿಮ್ ಬಾಯಿಗೇನು ನಾವು ಬಾಡಿಗೆ ಕೊಡಬೇಕಾಗಿತ್ತಾ?"

ಪಂಡಿತ ಒಳಗೆ ಹೋಗಿ ಕದ ಹಾಕಿಕೊಂಡು ಹೊಸ ಲೇಖನ ಬರೆದ. 'ಠೇವಣಿದಾರರ ಗ್ರಹಿಕೆಯ ದೋಷ' ಎಂದು ಹೆಸರಿಟ್ಟ. ದೆವ್ವ ಒಂದಕ್ಷರವನ್ನೂ ತಿದ್ದಿಸದೆ ಒಪ್ಪಿಕೊಂಡಿತು. ದೊಡ್ಡ ಪ್ರಶಸ್ತಿ ಬಂತು. ಪ್ರಶಸ್ತಿಗೊಂದು ಹೊಸ ಅಂಗಿ ಬೇಕಾಯಿತು. ಕೊರಳಿನ ಅಳತೆ ಇದ್ದದ್ದು ಅದೇ ದರ್ಜಿಯ ಹತ್ತಿರ.

ಇನ್ನೇನು ಸಭೆಗೆ ಹೊರಡಬೇಕು, ಆಗ ಅಂಗಿ ಬಂತು. ಬಟ್ಟೆ ರೇಷ್ಮೆಯಂಥದು, ಹೊಲಿಗೆ ಅಚ್ಚು ಹೊಯ್ದಂತೆ. ಬಲಗಡೆ ಸಾಲಾಗಿ ಗುಂಡಿಗಳು ಮಿನುಗುತ್ತಿದ್ದವು. ಎಡಗಡೆ ಕಾಜಾ ಒಂದೂ ಇರಲಿಲ್ಲ. ಬೋಳು.

"ಏನಯ್ಯಾ ಇದು! ಕಾಜಾ ಎಲ್ಲಿ? ಗುಂಡಿ ಹಾಕಿಕೊಳ್ಳೋದು ಹೇಗೆ?"

ದರ್ಜಿ ಬಹಳ ವಿನಯದಿಂದ ಕೈಮುಗಿದ. ಪಂಡಿತನ ಧಾಟಿಯಲ್ಲೇ ಗಂಟಲು ಸರಿಮಾಡಿಕೊಂಡ. "ಮೆಷಿನ್ ಇಲ್ಲ, ಕೈಲಿ ಹಾಕಕ್ಕೆ ಕಣ್ಣಿಲ್ಲ ಬುದ್ಧೀ. ಆದರೂ ಗುಂಡಿ ಹಾಕುವ ಸಾಧ್ಯತೆಯನ್ನು ತಳ್ಳಿಹಾಕಲಾಗದು."

ಪಂಡಿತ ಅಂಗಿಯನ್ನು ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು ವೇದಿಕೆ ಹತ್ತಿದ. ಇನ್ನೊಂದು ಕೈಯಲ್ಲಿ ಪ್ರಶಸ್ತಿ ತೆಗೆದುಕೊಂಡ. ಎಷ್ಟು ವಿನಯ, ಎದೆಯ ಮೇಲಿನ ಕೈ ತೆಗೆಯಲೇ ಇಲ್ಲ ಎಂದು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಗುರುಗಳು ಕತೆ ಮುಗಿಸಿದರು.

ನಂಜುಂಡಾರಾಧ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಬಂದಾಗಿನ ಸಿಟ್ಟೆಲ್ಲ ಇಳಿದು ಹೋಗಿತ್ತು. "ಪುಟಸಂಖ್ಯೆಯಂತೆ! ಎಂಥಾ ಪೆದ್ದ ಗುರುಗಳೇ ಅವನು! ಒಳಗೆ ಗೆದ್ದಲು ಹಿಡಿದದ್ದು ಗೊತ್ತಿತ್ತಲ್ಲ, ತೆಗಿ ಮಾರಾಯ ಅಂತ ಒಂದು ಮಾತು ಹೇಳೋಕೆ ಏನಾಗಿತ್ತಂತೆ ಅವನಿಗೆ?"

ಗುರುಗಳು ಮಠದ ಬಾಗಿಲ ಕಡೆ ನೋಡುತ್ತಿದ್ದರು. ನಂಜುಂಡಾರಾಧ್ಯನೂ ಕಣ್ಣೊರೆಸಿಕೊಂಡು ಆ ಕಡೆ ನೋಡಿದ. ಅಲ್ಲಿ ಹೂವಿನ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ವ್ಯಾಪಾರದ ಹೊತ್ತು, ಆದರೆ ಬುಟ್ಟಿಯ ಹತ್ತಿರ ಯಾರೂ ಇರಲಿಲ್ಲ.

"ಪುಟ್ಟಸಿದ್ದಮ್ಮ ನಗುತ್ತಾ ಹೋದಳು ಅಂದೆಯಲ್ಲ," ಎಂದರು ಗುರುಗಳು, "ಬುಟ್ಟಿ ಬಿಟ್ಟು ಎಲ್ಲಿಗೆ ಹೋದಳು?"