ಮೊದಲ ಗಾಡಿಯ ಜಾಡು

“ಉಸ್ತಾದರ, ಹೆಚ್ಚು ಸಲ ಓಡಿದಾಂವ ದೊಡ್ಡಾಂವೋ, ಓಡಿದಾಗೊಮ್ಮೆ ಹೆಚ್ಚು ದೂರ ಹೋದಾಂವ ದೊಡ್ಡಾಂವೋ?”

ಹೀಗೆ ಕೇಳಿದವನು ಶಿವಪುತ್ರ. ದಾದಾಪೀರ್ ಉಸ್ತಾದರ ಗರಡಿಯಲ್ಲಿ ಮೈಗೆಲ್ಲ ಮಣ್ಣು ಮೆತ್ತಿಕೊಂಡು ಬೆಳೆದವನು. ಈಗ ಒಂದು ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಕಲಿಸುತ್ತಾನೆ. ಹೆಸರು ಫುಟ್‌ಬಾಲ್ ಆದರೂ ಆ ಆಟದಲ್ಲಿ ಕೈಗೇ ಕೆಲಸ ಹೆಚ್ಚು. ಚೆಂಡನ್ನು ಎದೆಗವಚಿಕೊಂಡು, ಎದುರಿಗೆ ಗೋಡೆ ಕಟ್ಟಿ ನಿಂತ ಆಳುಗಳ ನಡುವೆ ನುಗ್ಗುವ ಒಬ್ಬನಿರುತ್ತಾನೆ. ಅವನನ್ನು ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ಶಿವಪುತ್ರನ ತಂಡದಲ್ಲಿ ಅಂಥವರು ಇಬ್ಬರಿದ್ದರು. ದೊಡ್ಡ ಪಂದ್ಯಕ್ಕೆ ಒಬ್ಬನಿಗಷ್ಟೇ ಜಾಗ. ಸಂಜೆಯೊಳಗೆ ಹೆಸರು ಕಳಿಸಬೇಕಿತ್ತು.

“ಇಬ್ಬರದೂ ಹೇಳು,” ಎಂದರು ಉಸ್ತಾದರು.

“ಒಬ್ಬಾಂವ ಈ ವರ್ಷ ಇನ್ನೂರು ಸಲ ನುಗ್ಯಾನ. ಸಲಕ್ಕ ಮೂರು ಗಜ ಸಿಕ್ಕರ ಅದ ದೊಡ್ಡದು. ಇನ್ನೊಬ್ಬಾಂವ ನುಗ್ಗಿದ್ದು ನಲವತ್ತ ಸಲ. ಸಲಕ್ಕ ಏಳು ಗಜ! ಅವನ್ನ ಆಟ ಮುಗಿಯೋ ಹೊತ್ತಿಗೆ ಇಳಸ್ತೀನಿ. ಎದುರಿನವರು ದಣದಿರ್ತಾರ, ಬಾಣ ಬಿಟ್ಟಂಗ ಹೋಗ್ತಾನ. ನನ್ನ ಮನಸ್ಸು ಅವನ ಕಡೆ ಐತಿ. ಮೊದಲನೇದಾವನ್ನ ಮನಿಗೆ ಕಳಿಸೋಣು ಅಂತ.”

ಉಸ್ತಾದರು ಅವನ ಕೈಯಲ್ಲಿದ್ದ ಅಂಕಿಗಳ ಹಾಳೆಯನ್ನು ಇಸಿದುಕೊಂಡರು. ನೋಡಲಿಲ್ಲ. ಅದರಿಂದಲೇ ಗಾಳಿ ಬೀಸಿಕೊಂಡರು.

“ಛಲೋ ಗಾಳಿ ಬರ್ತೈತಿ. ಕೂಡು,” ಎಂದು ಕತೆ ಹೇಳತೊಡಗಿದರು.

ಎರೆಸೀಮೆಯಲ್ಲಿ ಒಬ್ಬ ಉಳ್ಳಾಗಡ್ಡಿ ವ್ಯಾಪಾರಿ ಇದ್ದ. ಅವನ ಹೊಲಗಳಿಂದ ರೈಲು ನಿಲ್ದಾಣಕ್ಕೆ ಎರಡು ಹರದಾರಿ, ಎಂದರೆ ಸುಮಾರು ಆರು ಮೈಲಿ. ನಡುವೆ ರಸ್ತೆ ಇಲ್ಲ, ಬರೀ ಎರೆಮಣ್ಣು. ಒಣಗಿದರೆ ಕಲ್ಲು, ನೆನೆದರೆ ಅಂಟು. ಮಳೆಯಾದ ಮರುದಿನ ಗಾಡಿ ಹೂಡಿದರೆ ನೂರು ಹೆಜ್ಜೆಗೆ ಗಾಲಿ ಮಣ್ಣಿನ ಮುದ್ದೆಯಾಗುತ್ತದೆ. ಇಳಿಯಬೇಕು, ಸಲಿಕೆಯಿಂದ ಕೆರೆಯಬೇಕು, ಮತ್ತೆ ಹೊಡೆಯಬೇಕು. ಉಳ್ಳಾಗಡ್ಡಿ ಕೀಳುವುದೂ ಅದೇ ಮಳೆಗಾಲದಲ್ಲಿ. ತಡವಾದರೆ ಕೊಳೆಯುತ್ತದೆ.

ವ್ಯಾಪಾರಿಯ ಬಳಿ ಹತ್ತು ಗಾಡಿಗಳಿದ್ದವು. ಮುಂದಿನ ಗಾಡಿ ಹೊಡೆಯುವವನು ಒಬ್ಬ ಮುದುಕ. ಮಳೆಯಿರಲಿ ಬಿಸಿಲಿರಲಿ ಅವನು ದಿನವೂ ಹೋಗುತ್ತಿದ್ದ. ಕೊನೆಯ ಗಾಡಿಯವನು ಒಬ್ಬ ತರುಣ. ಅವನ ಎತ್ತುಗಳು ನೋಡಲಿಕ್ಕೆ ಚೆಂದ, ಓಟಕ್ಕೂ ಚೆಂದ. ಆದರೆ ಎಲ್ಲ ಗಾಡಿಗಳೂ ದಾಟಿ ಜಾಡು ಗಟ್ಟಿಯಾದ ಮೇಲೆಯೇ ಅವನು ನೊಗ ಎತ್ತುತ್ತಿದ್ದ, ಅದೂ ನಾಲ್ಕು ದಿನಕ್ಕೊಮ್ಮೆ.

ಇದು ಹೀಗೇ ನಡೆದಿತ್ತು. ಒಂದು ವರ್ಷ ವ್ಯಾಪಾರಿ ಜೇಬಿನ ಗಡಿಯಾರ ಕೊಂಡುಕೊಂಡ. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಉಂಡರೂ ಗಡಿಯಾರ ನೋಡುವನು, ಸೀನಿದರೂ ನೋಡುವನು. ಗಾಡಿ ಹೊರಟದ್ದು ಯಾವಾಗ, ತಲುಪಿದ್ದು ಯಾವಾಗ ಎಂದು ನೋಡಿ ಗೋಡೆಗೆ ಸುಣ್ಣದ ಬೊಟ್ಟು ಇಡತೊಡಗಿದ. ಮುದುಕನಿಗೆ ಒಂದು ಸಲಕ್ಕೆ ನಾಲ್ಕು ತಾಸು. ತರುಣನಿಗೆ ಒಂದೂವರೆ ತಾಸು.

ವ್ಯಾಪಾರಿ ತರುಣನ ಎತ್ತುಗಳಿಗೆ ಹಿತ್ತಾಳೆ ಗೆಜ್ಜೆ ಕಟ್ಟಿಸಿದ. ಮುದುಕನನ್ನು ಕರೆದ.

“ನೀ ಭಾಳ ಸಲ ಹೋಗೀದಿ, ಖರೆ. ಆದ್ರ ಎಷ್ಟು ಸಲ ಹೋದಿ ಅನ್ನೂದು ದೊಡ್ಡದಲ್ಲ. ಹೋದಾಗೊಮ್ಮೆ ಎಷ್ಟು ಹೊತ್ತು ತಗೊಂಡಿ, ಅದು ದೊಡ್ಡದು. ನಿನ್ನ ಎತ್ತು ಮುದಿ ಆಗ್ಯಾವು. ಇನ್ನ ಮನ್ಯಾಗಿರು.”

ಮುದುಕನಿಗೆ ಗೊತ್ತಿದ್ದದ್ದು ಗಾಡಿ ಹೊಡೆಯುವುದೊಂದೇ. ಮನೆಯಲ್ಲಿ ಕೂತರೆ ಎತ್ತುಗಳನ್ನು ಮಾರಬೇಕು. ಆದರೂ ವಾದ ಮಾಡಲಿಲ್ಲ. ತನ್ನ ಸಲಿಕೆಯನ್ನು ತೊಳೆದು ತಂದು ವ್ಯಾಪಾರಿಯ ಕಟ್ಟೆಯ ಮೇಲಿಟ್ಟ.

“ಇದು ಇರ್ಲಿ ಧಣಿ. ಮುಂದಿನ ಗಾಡಿಗೆ ಬೇಕಾಗ್ತೈತಿ.”

ವ್ಯಾಪಾರಿ ನಕ್ಕ. ತರುಣನ ಗಾಡಿಯಲ್ಲಿ ಸಲಿಕೆ ಇದ್ದದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಆಮೇಲೆ ಎಂಟು ದಿನ ಮಳೆ ಬರಲಿಲ್ಲ. ಮುದುಕ ಹಾಕಿದ್ದ ಜಾಡು ಒಣಗಿ ಕಟ್ಟೆಯ ಹಾಗೆ ಗಟ್ಟಿಯಾಗಿತ್ತು. ಗಾಡಿಗಳೆಲ್ಲ ಅದರಲ್ಲೇ ಓಡಿದವು. ತಾನೆಂಥ ಜಾಣ ಎಂದು ವ್ಯಾಪಾರಿ ಎಂಟು ದಿನವೂ ಮೀಸೆ ತಿರುವಿದ.

ಒಂಬತ್ತನೆಯ ದಿನಕ್ಕೆ ಭಾರಿ ಮಳೆ ಬಿತ್ತು. ಹತ್ತನೆಯ ದಿನ ಬೆಳಗ್ಗೆ, ಬಾಣಂತನಕ್ಕೆಂದು ತವರಿಗೆ ಬಂದಿದ್ದ ವ್ಯಾಪಾರಿಯ ಮಗಳಿಗೆ ಬೇನೆ ಎದ್ದಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದಳು. ಕೂಸು ಅಡ್ಡ ತಿರುಗಿದೆ, ಮಧ್ಯಾಹ್ನದೊಳಗೆ ಆಸ್ಪತ್ರೆ ಮುಟ್ಟಿಸಿರಿ, ಇಲ್ಲದಿದ್ದರೆ ಎರಡೂ ಜೀವ ಉಳಿಯುವುದಿಲ್ಲ ಎಂದಳು. ಆಸ್ಪತ್ರೆ ಇದ್ದದ್ದು ನಿಲ್ದಾಣದ ಪಕ್ಕದಲ್ಲಿ.

ಮಗಳನ್ನು ತರುಣನ ಗಾಡಿಯಲ್ಲಿ ಮಲಗಿಸಿದರು. ಗೆಜ್ಜೆ ಘಲ್ಲೆಂದವು. ಊರ ಬಾವಿ ದಾಟುವಷ್ಟರಲ್ಲಿ ಗಾಲಿ ಹೂತಿತು. ಎತ್ತುಗಳು ಬೆದರಿ ಮೊಣಕಾಲೂರಿದವು. ವ್ಯಾಪಾರಿ ಗಡಿಯಾರ ತೆಗೆದು ನೋಡಿದ. ಅದು ಟಿಕ್ ಟಿಕ್ ಎಂದಿತು, ಮತ್ತೇನೂ ಹೇಳಲಿಲ್ಲ. ತರುಣ ಅಳುವ ದನಿಯಲ್ಲಿ, “ಧಣಿ, ನನ್ನ ಎತ್ತು ಹೊಸಾ ಕೆಸರ ಒಮ್ಮಿನೂ ತುಳದಿಲ್ರಿ,” ಎಂದ.

ಆಗ ಹಿಂದಿನಿಂದ ಗಾಡಿಯ ಸದ್ದು ಕೇಳಿತು. ಮುದುಕ ತನ್ನ ಎತ್ತುಗಳನ್ನು ಹೂಡಿಕೊಂಡು ಬಂದಿದ್ದ. ಯಾರೂ ಕರೆದಿರಲಿಲ್ಲ. ಗಾಡಿ ಖಾಲಿ. ಅವನು ಕೇಳಿದ್ದು ಒಂದೇ, ಸಲಿಕೆ ಎಲ್ಲಿ ಎಂದು. ಹತ್ತು ಆಳುಗಳ ಯಜಮಾನನಾದ ವ್ಯಾಪಾರಿ ಆ ಕೆಸರಿನಲ್ಲಿ ಬಿದ್ದು ಎದ್ದು ಮನೆಗೆ ಓಡಿ ಸಲಿಕೆ ತಂದುಕೊಟ್ಟ.

ಮುದುಕ ಹೂತ ಗಾಲಿಯನ್ನು ಕೆರೆದು ಬಿಡಿಸಿದ. ಆಮೇಲೆ ಖಾಲಿ ಗಾಡಿಯನ್ನು ಮುಂದೆ ಹೊಡೆದ. ನೂರು ಹೆಜ್ಜೆ ಹೋಗುವನು, ಇಳಿಯುವನು, ಕೆರೆಯುವನು, ಮತ್ತೆ ಹತ್ತುವನು. ಅವನ ಗಾಲಿ ಕೆಸರನ್ನು ಸೀಳಿದಲ್ಲಿ ತಳದ ಗಟ್ಟಿನೆಲ ಸಿಗುತ್ತಿತ್ತು. ಅದರಲ್ಲೇ ತರುಣನ ಗಾಡಿ ಸರಾಗ ಉರುಳುತ್ತಿತ್ತು. ವ್ಯಾಪಾರಿ ಎರಡರ ನಡುವೆ ನಡೆಯುತ್ತಿದ್ದ. ಇಷ್ಟು ವರ್ಷ ಗಾಡಿ ತಲುಪಿದ್ದನ್ನು ಕಂಡಿದ್ದ, ದಾರಿ ಸವೆಸುವುದನ್ನು ಕಂಡಿರಲಿಲ್ಲ. ಎರಡನೆಯ ಸಲ ಮುದುಕ ಇಳಿದಾಗ ತಾನೂ ಬಗ್ಗಿ ಬರಿಗೈಯಿಂದ ಗಾಲಿಯ ಮಣ್ಣು ಕಿತ್ತ. ಮತ್ತೆ ಗಡಿಯಾರ ತೆಗೆಯಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ತಲುಪಿದರು. ತಾಯಿ ಉಳಿದಳು, ಕೂಸೂ ಉಳಿಯಿತು.

ಇಷ್ಟು ಹೇಳಿ ಉಸ್ತಾದರು ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಂಡರು. “ಈ ಕತಿ ನೂರು ಸಲ ಹೇಳೀನಿ. ಇಲ್ಲಿಗೆ ಬಂದಾಗೊಮ್ಮೆ ನಂಗ ಆ ಮುದುಕನ ಕಾಲ ಹಿಡೀಬೇಕು ಅನಸ್ತೈತಿ,” ಎಂದು ಮುಂದುವರಿಸಿದರು.

ವ್ಯಾಪಾರಿ ಮುದುಕನನ್ನು ಹುಡುಕಿಕೊಂಡು ಹೋದ. ಅವನು ನಿಲ್ದಾಣದ ಹಿಂದಿನ ಹೊಂಡದಲ್ಲಿ ಎತ್ತುಗಳ ಕಾಲು ತೊಳೆಯುತ್ತಿದ್ದ. ವ್ಯಾಪಾರಿ ನೀರಿಗಿಳಿದು ಇನ್ನೊಂದು ಎತ್ತಿನ ಕಾಲು ತೊಳೆಯತೊಡಗಿದ. ಮುದುಕ ಬೇಡವೆಂದ. ಅವನು ಬಿಡಲಿಲ್ಲ. ನಾಲ್ಕೂ ಕಾಲು ತೊಳೆದು ಮುಗಿಸಿದ ಮೇಲೆ ಹೇಳಿದ:

“ಹತ್ತೂ ಗಾಡಿ ಎಳದಾಂವ ನೀನು. ನಾ ಒಂದ ಎಣಿಸಿದೆ. ನನ್ನ ಮಗಳನ್ನ ತಿರುಗಿ ಕೊಟ್ಟಿ, ನಿನ್ನ ಋಣ ನಾ ಹೆಂಗ ತೀರಿಸಲಿ?”

ಮುದುಕ ಎತ್ತಿನ ಬೆನ್ನು ಸವರಿದ.

“ಆ ಹುಡುಗನ ಎತ್ತೂ ಛಲೋ ಬಂದುವ್ರೀ ಧಣಿ. ನಾ ತಿರುಗಿ ನೋಡಿದಾಗೊಮ್ಮೆ ಬೆನ್ನಿಗೇ ಇದ್ದುವು. ತಾಯೀನ್ನ ಹೊತ್ತು ತಂದುವು ಅವ. ನಂದು ಖಾಲಿ ಗಾಡಿ.”

ವ್ಯಾಪಾರಿ ಊರಿಗೆ ಬಂದವನೇ ಗೋಡೆಯ ಬೊಟ್ಟುಗಳನ್ನೆಲ್ಲ ಅಳಿಸಿದ. ಗೆಜ್ಜೆ ತರುಣನ ಎತ್ತುಗಳ ಕೊರಳಲ್ಲೇ ಉಳಿದವು. ಮೊಮ್ಮಗನಿಗೆ ಮುದುಕನ ಹೆಸರಿಟ್ಟರು. ಅಂದಿನಿಂದ ಆ ಊರಲ್ಲಿ ಮಳೆಯಾದ ಮರುದಿನ ಯಾವ ಗಾಡಿ ನಿಲ್ದಾಣ ಮುಟ್ಟಿದರೂ, ಗಾಡಿಯವನು ಇಳಿದು ಮೊದಲು ಮುಂದಿನ ಗಾಡಿಯ ಎತ್ತುಗಳಿಗೆ ನೀರು ಕುಡಿಸುವುದು ಪದ್ಧತಿಯಾಯಿತು.

ಕತೆ ಮುಗಿಯಿತು. ಉಸ್ತಾದರು ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿ ಹಾಳೆಯನ್ನು ಹಿಂದಕ್ಕೆ ಕೊಟ್ಟರು. ಶಿವಪುತ್ರ ಅದನ್ನು ಬಿಡಿಸಿ, ಇನ್ನೂರು, ನಲವತ್ತು, ಮೂರು, ಏಳು ಎಂದು ಮತ್ತೊಮ್ಮೆ ಕಣ್ಣಾಡಿಸಿದ.

“ಖರೆ ಉಸ್ತಾದರ,” ಎಂದ ತಡವರಿಸುತ್ತ, “ಆದ್ರೂ ಏಳು ಗಜ ಅಂದ್ರ ಏಳು ಗಜ ಅಲ್ರೀ?”

ಉಸ್ತಾದರು ಅವನ ಹೆಗಲ ಮೇಲೆ ಕೈಯಿಟ್ಟರು.

“ಎದುರಿನವರು ದಣದಿರ್ತಾರ ಅಂದ್ಯಲ್ಲ ಶಿವಪುತ್ರ, ಅವರನ್ನ ದಣಿಸಿದಾಂವ ಯಾರು?”