ಕಲಿಸಿದವರು ಎದ್ದು ನಿಲ್ಲಲಿ

“ಗುರುಗಳೇ, ಕೊಟ್ಟವರನ್ನು ಪಡೆದವರು ಪ್ರಶ್ನೆ ಮಾಡಬಹುದೇ?”

ಶಿಷ್ಯನ ಮುಖ ಕೋಪದಿಂದ ಕೆಂಪಾಗಿತ್ತು. ಬಡ ಯುವಕರಿಗಾಗಿ ಮಠವು ನಗರದಲ್ಲಿ ನಡೆಸುತ್ತಿದ್ದ ಉಚಿತ ವಸತಿನಿಲಯವನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಆ ಬೆಳಗ್ಗೆ ಅಲ್ಲಿನ ಯುವಕನೊಬ್ಬ ಎಲ್ಲರೆದುರು ಎದ್ದು, ಕಂಪ್ಯೂಟರ್ ಕಲಿಸುತ್ತೇವೆಂದು ಕರೆತಂದಿರಿ, ಕಲಿಸುವವರು ಎಲ್ಲಿ ಎಂದು ಕೇಳಿದ್ದ. ಶಿಷ್ಯ ಅವನ ಗಂಟುಮೂಟೆ ಕಟ್ಟಿಸಿ ಹೊರಗೆ ಕಳುಹಿಸಿ ನೇರವಾಗಿ ಮಠಕ್ಕೆ ಬಂದಿದ್ದ.

“ಅನ್ನ ಕೊಟ್ಟಿದ್ದೇವೆ, ಮಲಗಲು ಜಾಗ ಕೊಟ್ಟಿದ್ದೇವೆ. ಅವನಿಂದ ಏನನ್ನೂ ಪಡೆದಿಲ್ಲ. ಅವನು ನಮ್ಮನ್ನು ಕೇಳುವುದೆಂದರೇನು?” ಎಂದ.

ಗುರುಗಳು ಅವನಿಗೆ ಕೂರಲು ಹೇಳಿ, ಕತೆ ಶುರು ಮಾಡಿದರು.

ಒಂದು ನಗರದಲ್ಲಿ ಒಬ್ಬ ವರ್ತಕನಿದ್ದ. ಬಡತನದಲ್ಲಿ ಹುಟ್ಟಿ ಸ್ವಂತ ದುಡಿಮೆಯಿಂದ ಮೇಲೆ ಬಂದವನು. ಕೆಲಸವಿಲ್ಲದೆ ಬೀದಿಯಲ್ಲಿ ನಿಂತ ಹುಡುಗರನ್ನು ಕಂಡರೆ ಅವನಿಗೆ ತನ್ನ ಹಳೆಯ ದಿನಗಳು ನೆನಪಾಗುತ್ತಿದ್ದವು. ತನ್ನದೊಂದು ಗೋದಾಮನ್ನು ಖಾಲಿ ಮಾಡಿಸಿ ಅಂಥವರಿಗಾಗಿ ಒಂದು ಸಂಸ್ಥೆ ತೆರೆದ. ಆ ನಗರದಲ್ಲಿ ಎಲ್ಲಿ ನೋಡಿದರೂ ಎತ್ತರದ ಕಟ್ಟಡಗಳು ಏಳುತ್ತಿದ್ದವು. ಹಗ್ಗದಲ್ಲಿ ಇಳಿಬಿದ್ದು ಅವುಗಳಿಗೆ ಬಣ್ಣ ಬಳಿಯುವವರು, ಗಾಜು ಒರೆಸುವವರು ಸಿಗುತ್ತಿರಲಿಲ್ಲ. ಆ ಕೆಲಸವನ್ನೇ ಕಲಿಸೋಣ ಎಂದು ವರ್ತಕ ಅಂಗಳದಲ್ಲಿ ಕಬ್ಬಿಣದ ಗೋಪುರ ಕಟ್ಟಿಸಿದ. ಹಗ್ಗದ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನು ಇಟ್ಟ. ಮಧ್ಯಾಹ್ನ ಬಿಸಿ ಊಟ. ಕಲಿತು ಮುಗಿಸಿದವರಿಗೆ ನೀಲಿ ಅಂಗಿ. ಆ ಅಂಗಿ ತೊಟ್ಟು ಬಂದವನನ್ನು ಗುತ್ತಿಗೆದಾರರು ಮರುಮಾತಾಡದೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು.

ಅದೇ ನಗರದಲ್ಲಿ ಪುಟ್ಟತಾಯಿ ಎಂಬವಳಿದ್ದಳು. ಕಲ್ಯಾಣಮಂಟಪವೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಅವ್ವ ತೀರಿಕೊಂಡ ಮೇಲೆ ತಮ್ಮ ಸಿದ್ದರಾಜುವನ್ನು ಸಾಕಿದವಳು ಅವಳೇ. ಅವನಿಗೊಂದು ದಾರಿಯಾಗಲಿ ಎಂದು ತನ್ನ ಮದುವೆಯ ಮಾತನ್ನೂ ಮುಂದೂಡಿದ್ದಳು. ಸಿದ್ದರಾಜು ಸಂಸ್ಥೆಗೆ ಸೇರಿದ ದಿನ ಅವಳು ಇಡೀ ಓಣಿಗೆ ಸಕ್ಕರೆ ಹಂಚಿದಳು.

ಆದರೆ ಅಷ್ಟರಲ್ಲಿ ಮೇಸ್ತ್ರಿಗೂ ವರ್ತಕನಿಗೂ ಮಾತು ಕೆಟ್ಟಿತ್ತು. ಮಳೆಯಲ್ಲೂ ಗಾಳಿಯಲ್ಲೂ ಗೋಪುರ ಹತ್ತಿ ಇಳಿದು ಪಳಗುವ ತನಕ ಯಾರಿಗೂ ಅಂಗಿ ಕೊಡಬಾರದು ಎಂದು ಮೇಸ್ತ್ರಿ ಪಟ್ಟು ಹಿಡಿದ. ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ದೂರದ ದಾನಿಗಳು ಬರುವವರಿದ್ದರು. ವೇದಿಕೆ ತುಂಬ ನೀಲಿ ಅಂಗಿಗಳು ಕಾಣಬೇಕು ಎಂದು ವರ್ತಕ ಹೇಳಿದ. ಮೇಸ್ತ್ರಿ ಕೆಲಸ ಬಿಟ್ಟು ಹೋದ. ಬೇರೊಬ್ಬನನ್ನು ಹುಡುಕೋಣ ಎಂದರು. ಹುಡುಕುವ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು. ಯಾರೂ ಹತ್ತಿ ಬೀಳದಿರಲಿ ಎಂದು ಗೋಪುರದ ಏಣಿಗೆ ಬೀಗ ಹಾಕಿದರು. ಊಟ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಹುಡುಗರು ಅಂಗಳ ಗುಡಿಸಿದರು, ಸ್ವಾಗತಗೀತೆ ಕಲಿತರು, ಅತಿಥಿಗಳಿಗೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳುವುದನ್ನು ಕಲಿತರು. ಬಂದವರೆಲ್ಲ ಗೋಪುರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರು.

“ಏನು ಕಲಿಸಿದ್ರೋ ಇವತ್ತು?” ಎಂದು ಪುಟ್ಟತಾಯಿ ಕೇಳಿದರೆ ಸಿದ್ದರಾಜು ಹಾಡು ಹೇಳಿ ತೋರಿಸುತ್ತಿದ್ದ. ಅವಳು ನಗುತ್ತಿದ್ದಳು. ಓದಿದವರ ಪದ್ಧತಿ ಹೀಗೇ ಇರಬೇಕು, ಕೈಕೆಲಸ ಮುಂದೆ ಹೇಳಿಕೊಡುತ್ತಾರೆ ಎಂದುಕೊಂಡಳು.

ವಾರ್ಷಿಕೋತ್ಸವದಲ್ಲಿ ಸಿದ್ದರಾಜುವಿಗೆ ಅಂಗಿ ಸಿಕ್ಕಿತು. ಅಂಗಿ ನೋಡಿ ಗುತ್ತಿಗೆದಾರನೊಬ್ಬ ಹೊಸ ಹೋಟೆಲೊಂದರ ಗೋಡೆಗೆ ಬಣ್ಣ ಬಳಿಯಲು ಕರೆದುಕೊಂಡು ಹೋದ. ಮಾಳಿಗೆಯ ಮೇಲೆ ಹಗ್ಗವನ್ನು ಯಾವುದಕ್ಕೆ ಕಟ್ಟಬೇಕು ಎಂಬುದು ಸಿದ್ದರಾಜುವಿಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು, ಮೈಮೇಲೆ ನೀಲಿ ಅಂಗಿ ಇತ್ತಲ್ಲ. ಕೈಗೆ ಸಿಕ್ಕ ನೀರಿನ ಪೈಪಿಗೆ ಕಟ್ಟಿ ಕೆಳಗಿಳಿದ. ಪೈಪು ಕಿತ್ತುಬಂತು.

ಮಣ್ಣು ಮಾಡುವಾಗ ವರ್ತಕ ಬಂದ. ನಿಜವಾಗಿಯೂ ಅತ್ತ. ಖರ್ಚನ್ನೆಲ್ಲ ತಾನೇ ನೋಡಿಕೊಂಡ. ಮುಂದಿನ ವಾರ್ಷಿಕೋತ್ಸವದಲ್ಲಿ ಪುಟ್ಟತಾಯಿಗೆ ಹೊಲಿಗೆ ಯಂತ್ರ ಕೊಡಿಸುತ್ತೇನೆ, ಸಭಾಂಗಣಕ್ಕೆ ಸಿದ್ದರಾಜುವಿನ ಹೆಸರಿಡುತ್ತೇನೆ ಎಂದ. ಎಂಥ ದೊಡ್ಡ ಮನುಷ್ಯ ಎಂದು ಓಣಿಯವರು ಕೈಮುಗಿದರು. ಪುಟ್ಟತಾಯಿಯೂ ಮುಗಿದಳು.

ಕೆಲವು ದಿನಗಳ ಮೇಲೆ ಸಿದ್ದರಾಜುವಿನ ಜೊತೆ ಕಲಿತವನೊಬ್ಬ ಅವಳನ್ನು ಮಾತಾಡಿಸಲು ಬಂದ. ತನ್ನ ತಮ್ಮ ಆ ಗೋಪುರದ ತುದಿಯಿಂದ ಇಳಿಯುವುದನ್ನು ತಾನು ಒಮ್ಮೆಯೂ ನೋಡಲಿಲ್ಲವಲ್ಲ ಎಂದು ಅವಳು ಹಲುಬಿದಳು. ಚೆನ್ನಾಗಿ ಇಳಿಯುತ್ತಿದ್ದನೇ ಎಂದು ಕೇಳಿದಳು.

ಅವನು ತಲೆ ತಗ್ಗಿಸಿದ. “ಅದಕ್ಕೆ ಬೀಗ ಹಾಕಿತ್ತು ಅಕ್ಕಾ. ನಾವ್ಯಾರೂ ಹತ್ತಿಲ್ಲ.”

ಪುಟ್ಟತಾಯಿಯ ಅಳು ಅಲ್ಲಿಗೇ ನಿಂತಿತು. ಅಂದಿನಿಂದ ಅನ್ನದ ತಟ್ಟೆಯನ್ನು ಹಾಗೇ ಸರಿಸಿ ಏಳುತ್ತಿದ್ದಳು. ಪಾತ್ರೆ ತಿಕ್ಕುವ ರಭಸಕ್ಕೆ ಅಂಗೈ ಸುಲಿಯಿತು. ಸಂಸ್ಥೆಯ ಬಾಗಿಲಿಗೆ ಹೋದರೆ ಸಾಹುಕಾರರು ಊರಲ್ಲಿಲ್ಲ ಎನ್ನುತ್ತಿದ್ದರು. ಅವಳು ವಾರ್ಷಿಕೋತ್ಸವಕ್ಕೆ ಕಾದಳು.

ಆ ದಿನ ಸಭಾಂಗಣ ತುಂಬಿತ್ತು. ಹೊಸದಾಗಿ ಅಂಗಿ ಪಡೆದವರು ಸಾಲಾಗಿ ನಿಂತಿದ್ದರು. ಧನ್ಯವಾದ ಎಂದಷ್ಟೇ ಹೇಳಿ ಇಳಿಯಬೇಕು ಎಂದು ಸಂಸ್ಥೆಯ ವ್ಯವಸ್ಥಾಪಕ ಪುಟ್ಟತಾಯಿಗೆ ಹೇಳಿಕೊಟ್ಟಿದ್ದ. ಹೊಲಿಗೆ ಯಂತ್ರವನ್ನು ತಂದಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ್ಟತಾಯಿ ಯಂತ್ರವನ್ನು ಮುಟ್ಟಲಿಲ್ಲ. ಮೈಕು ಹಿಡಿದಳು.

“ನನ್ನ ತಮ್ಮನಿಗೆ ಹಗ್ಗ ಕಟ್ಟೋದು ಕಲಿಸಿದವರು ಎದ್ದು ನಿಲ್ಲಲಿ.”

ಯಾರೂ ಏಳಲಿಲ್ಲ.

“ಯಾರೂ ಇಲ್ವಾ? ಕಲಿಸದೇ ಇದ್ದಮೇಲೆ ಅಂಗಿ ಯಾಕೆ ತೊಡಿಸಿದ್ರಿ? ಅಂಗಿ ಇಲ್ಲದೇ ಇದ್ದಿದ್ರೆ ಅವನು ಅಲ್ಲಿಗೆ ಹತ್ತುತ್ತಾನೇ ಇರಲಿಲ್ಲ!”

ವರ್ತಕ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ. “ತಾಯಿ, ನಾವು ನಿಮ್ಮಿಂದ ಏನನ್ನಾದರೂ ತೆಗೆದುಕೊಂಡೆವಾ? ಕೈಲಾದದ್ದನ್ನು ಕೊಟ್ಟೆವು. ನಾವು ಉತ್ತರ ಕೊಡಬೇಕಾದ್ದು ದಾನಿಗಳಿಗೆ. ಅವರು ಕೇಳಲಿ, ಹೇಳುತ್ತೇನೆ.”

“ಅವರ ಮನೆಯವರು ಯಾರಾದರೂ ಬಿದ್ದರಾ?” ಎಂದು ಪುಟ್ಟತಾಯಿ ಚೀರಿದಳು. “ತೆಗೆದುಕೊಂಡಿದ್ದೀರಿ. ನನ್ನ ತಮ್ಮನ್ನ ತೆಗೆದುಕೊಂಡಿದ್ದೀರಿ. ಸಾಲಾಗಿ ನಿಲ್ಲಿಸೋಕೆ ನಿಮಗೆ ಅವನು ಬೇಕಾಗಿತ್ತು.”

ಮೈಕು ಬಂದ್ ಮಾಡಿದರು. ಅವಳನ್ನು ತೋಳು ಹಿಡಿದು ಇಳಿಸಿದವರು ಅವಳ ಓಣಿಯ ಹೆಂಗಸರೇ. ಹೊಟ್ಟೆಗೆ ಅನ್ನ ಹಾಕಿದವರ ಎದುರು ಹೀಗೆ ಕೂಗುತ್ತೀಯಲ್ಲ, ನಿನಗೆ ನಾಚಿಕೆಯಿಲ್ಲವೇ ಎಂದು ಬೈದರು.

ಪುಟ್ಟತಾಯಿ ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲ. ಮಾರನೆಯ ದಿನದಿಂದ ನಗರವೆಲ್ಲ ತಿರುಗಿದಳು. ಎಲ್ಲಿ ಗೋಡೆಯ ಮೇಲೆ ನೀಲಿ ಅಂಗಿ ಕಂಡರೂ ಬುಡದಲ್ಲಿ ನಿಂತು ಕೂಗುತ್ತಿದ್ದಳು. “ಇಳಿಯೋ! ನಿನಗೆ ಕಲಿಸಿಲ್ಲ, ಇಳಿಯೋ!” ಜನ ಸೇರುತ್ತಿದ್ದರು. ಗುತ್ತಿಗೆದಾರ ಬಂದು, ಅಂಗಿ ತೊಟ್ಟವನನ್ನು ಒಂದು ಗಂಟು ಹಾಕಿ ತೋರಿಸು ಎನ್ನುತ್ತಿದ್ದ. ತೋರಿಸಲಾಗದೆ ಹುಡುಗರು ಕೆಲಸ ಕಳೆದುಕೊಂಡರು. ಕೆಲವರು ಅವಳನ್ನು ಹುಚ್ಚಿ ಎಂದರು, ಒಬ್ಬ ಕಲ್ಲೆಸೆದ. ಹುಬ್ಬು ಒಡೆದು ರಕ್ತ ಸುರಿಯಿತು. ಸೆರಗು ಒತ್ತಿಕೊಂಡು ಮುಂದಿನ ಕಟ್ಟಡಕ್ಕೆ ಹೋದಳು.

ವರ್ತಕನಿಗೆ ಮನಸ್ಸು ಮುರಿಯಿತು. ಉಪಕಾರ ಮಾಡಿದವನಿಗೆ ಈ ಊರಿನಲ್ಲಿ ಜಾಗವಿಲ್ಲ ಎಂದು ಸಂಸ್ಥೆ ಮುಚ್ಚಿಬಿಟ್ಟ. ಊಟ ನಿಂತದ್ದಕ್ಕೆ ಓಣಿಯವರು ಪುಟ್ಟತಾಯಿಗೆ ಶಾಪ ಹಾಕಿದರು. ಅವಳಿಗೆ ನೀರು ಕೊಡುವವರೂ ಇಲ್ಲವಾದರು. ಕಲ್ಯಾಣಮಂಟಪದವರೂ ಕೆಲಸದಿಂದ ಬಿಡಿಸಿದರು. ಒಂದು ದಿನ ಮನೆಗೆ ಬೀಗ ಹಾಕಿ ಬೇರೆ ಊರಿಗೆ ಹೊರಟುಹೋದಳು.

ಕೆಲಸ ಕಳೆದುಕೊಂಡ ಹುಡುಗರಲ್ಲಿ ಕೆಲವರು ಹೊಟ್ಟೆಪಾಡಿಗೆ ಬೇರೆ ದಾರಿ ಕಾಣದೆ, ಬಿಟ್ಟುಹೋಗಿದ್ದ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿ ಕೆಲಸ ಕಲಿತರು. ಉಳಿದವರು ಹಮಾಲಿಗೋ ಹೋಟೆಲಿಗೋ ಸೇರಿದರು. ಅವರಲ್ಲಿ ಯಾರೂ ಬಿದ್ದು ಸಾಯಲಿಲ್ಲ. ಅದು ಅವಳಿಂದ ಎಂದು ಆ ನಗರದಲ್ಲಿ ಒಬ್ಬರೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆ ವರ್ತಕ ಕೆಟ್ಟವನೆಂದು ನೀವು ಹೇಳುತ್ತಿದ್ದೀರಾ ಗುರುಗಳೇ? ಅವನು ಅತ್ತದ್ದು ನಿಜ, ಅನ್ನ ಹಾಕಿದ್ದೂ ನಿಜ. ನನಗೇನೋ ಅವನು ಒಳ್ಳೆಯವನಾಗಿಯೇ ಕಾಣುತ್ತಾನೆ.”

“ಒಳ್ಳೆಯವನೇ,” ಎಂದರು ಗುರುಗಳು, “ಅದಕ್ಕೇ ಸಿದ್ದರಾಜು ಸಾಯುವ ತನಕ ಅವನನ್ನು ಯಾರೂ ಕೇಳಲಿಲ್ಲ.”